ಶೇಂಗಾ ಎಣ್ಣೆಯ ಸೋಪು: ಲೀಟರು ಬಿಡಿ, ತೂಕ ಹಿಡಿಯಿರಿ

ಮನೆಯಲ್ಲಿ ಮಾಡಿದ ಸೋಪು ಕೈ ಉರಿಸಿತು ಅಂದರೆ ಮೊದಲು ಕೇಳಬೇಕಾದದ್ದು: ಎಣ್ಣೆ ತೂಗಿದ್ರಾ, ಅಳೆದ್ರಾ? ಚಳ್ಳಕೆರೆ ಮಿಲ್ಲಿನ ಶೇಂಗಾ ಎಣ್ಣೆಯಾಗಲಿ, ದಾವಣಗೆರೆ ಅಂಗಡಿಯ ಕೊಬ್ಬರಿ ಎಣ್ಣೆಯಾಗಲಿ, ಒಂದು ಲೀಟರು ತೂಗಿದರೆ 910–920 ಗ್ರಾಂ ಅಷ್ಟೇ. ಅದನ್ನೇ ಒಂದು ಕೆಜಿ ಅಂದುಕೊಂಡು ಲೆಕ್ಕ ಹಾಕಿದರೆ ಎಣ್ಣೆಯನ್ನು ಸೋಪಾಗಿಸುವ ಖಾರವಾದ ಕ್ಷಾರ, ಕಾಸ್ಟಿಕ್ ಸೋಡಾ (ಸೋಡಿಯಂ ಹೈಡ್ರಾಕ್ಸೈಡ್), ನೂರಕ್ಕೆ ಒಂಬತ್ತು ಪಾಲು ಹೆಚ್ಚು ಬಿದ್ದಿರುತ್ತದೆ. ಉರಿಯದೆ ಇನ್ನೇನು?

ಲೆಕ್ಕ ಇಷ್ಟು ಬಿಗಿಯಾಗಿರುವುದಕ್ಕೆ ಕಾರಣ ಎಣ್ಣೆಯ ಒಳಗಿದೆ. ಆಮ್ಲವೂ ಆಲ್ಕೋಹಾಲೂ ನೀರು ಬಿಟ್ಟುಕೊಟ್ಟು ಕೂಡಿದರೆ ಎಸ್ಟರ್. ಬಾಳೆಹಣ್ಣಿನ ಘಮಲಿನಲ್ಲಿರುವುದೂ ಎಸ್ಟರೇ, ಎಣ್ಣೆ-ಬೆಣ್ಣೆ-ತುಪ್ಪವೂ ಎಸ್ಟರೇ. ಎಣ್ಣೆಯಲ್ಲಿ ಆಲ್ಕೋಹಾಲಿನ ಜಾಗದಲ್ಲಿರುವುದು ಗ್ಲಿಸರಿನ್. ಅದಕ್ಕೆ ಮೂರು ಕೈ, ಒಂದೊಂದು ಕೈಗೂ ಒಂದೊಂದು ಕೊಬ್ಬಿನಾಮ್ಲ. ಕಾಸ್ಟಿಕ್ ಬಂದು ಆ ಮೂರೂ ಹಿಡಿತ ಬಿಡಿಸುತ್ತದೆ. ಬಿಟ್ಟ ಆಮ್ಲ ಸೋಡಿಯಂ ಜೊತೆ ಸೇರಿ ಸೋಪಾಗುತ್ತದೆ, ಗ್ಲಿಸರಿನ್ ಅಲ್ಲೇ ಉಳಿಯುತ್ತದೆ. ಅಂದರೆ ಎಣ್ಣೆಯ ಒಂದು ಅಣುವಿಗೆ ಕಾಸ್ಟಿಕ್ಕಿನ ಮೂರು. ಕೊಬ್ಬರಿ ಎಣ್ಣೆಯ ಅಣು ಚಿಕ್ಕದು, ಶೇಂಗಾ ಎಣ್ಣೆಯದು ದೊಡ್ಡದು. ಒಂದು ಕೆಜಿ ಸಣ್ಣ ಈರುಳ್ಳಿಯಲ್ಲಿ ದಪ್ಪ ಈರುಳ್ಳಿಗಿಂತ ಹೆಚ್ಚು ಗಡ್ಡೆ ಇರುವ ಹಾಗೆ, ಒಂದೇ ತೂಕದ ಕೊಬ್ಬರಿ ಎಣ್ಣೆಯಲ್ಲಿ ಅಣುಗಳು ಹೆಚ್ಚು, ಅದು ಕೇಳುವ ಕಾಸ್ಟಿಕ್ಕೂ ಹೆಚ್ಚು. ಒಂದು ಗ್ರಾಂ ಎಣ್ಣೆಗೆ ಬೇಕಾದ ಕಾಸ್ಟಿಕ್ ಸುಮಾರಾಗಿ ಕೊಬ್ಬರಿಗೆ 0.183 ಗ್ರಾಂ, ಶೇಂಗಾಕ್ಕೆ 0.136, ಹರಳೆಣ್ಣೆಗೆ 0.128.

ಅರ್ಧ ಕೆಜಿ ಎಣ್ಣೆಯ ಒಂದು ಹದವಾದ ಲೆಕ್ಕ: ಶೇಂಗಾ 250 ಗ್ರಾಂ, ಕೊಬ್ಬರಿ 200, ಹರಳೆಣ್ಣೆ 50. ಕಾಸ್ಟಿಕ್ 34 + 36.6 + 6.4, ಒಟ್ಟು 77 ಗ್ರಾಂ. ಇದನ್ನು ಪೂರ್ತಿ ಹಾಕಬಾರದು. ನೂರಕ್ಕೆ ಐದು ಕಡಿಮೆ ಮಾಡಿ 73 ಗ್ರಾಂ ಹಾಕಿ. ಸೋಪಾಗದೆ ಉಳಿದ ಆ ಚೂರು ಎಣ್ಣೆಯೇ ಚರ್ಮಕ್ಕೆ ರಕ್ಷೆ. ನೀರು 146 ಗ್ರಾಂ, ಡಿಸ್ಟಿಲ್ಡ್ ಅಥವಾ ಆರ್‌ಒ ನೀರು. ಶೇಂಗಾ ಒಂದರಲ್ಲೇ ಮಾಡಿದರೆ ಸೋಪು ಮೆತ್ತಗೆ, ನೊರೆ ಕಡಿಮೆ. ಕೊಬ್ಬರಿ ಒಂದರಲ್ಲೇ ಆದರೆ ಗಟ್ಟಿ, ನೊರೆಯೂ ಜೋರು, ಆದರೆ ಮೈ ಒಣಗಿ ಬಿರಿಯುತ್ತದೆ. ಹರಳೆಣ್ಣೆ ನೊರೆಯನ್ನು ಹಿಡಿದು ನಿಲ್ಲಿಸುತ್ತದೆ. ಹೊಂಗೆ ಎಣ್ಣೆಯಿಂದಲೂ ಸೋಪಾಗುತ್ತದೆ, ಆದರೆ ವಾಸನೆ ಹೋಗುವುದಿಲ್ಲ. ಪಾತ್ರೆ ತಿಕ್ಕಲಿಕ್ಕೆ ಇರಲಿ.

ಪಾತ್ರೆ ಸ್ಟೀಲಿನದು ಅಥವಾ ದಪ್ಪ ಪ್ಲಾಸ್ಟಿಕ್ಕಿನದು. ಸಿಲ್ವರ್ ಪಾತ್ರೆ ಅಂತ ಕರೆಯುವ ಅಲ್ಯೂಮಿನಿಯಂ ಬೇಡವೇ ಬೇಡ: ಕಾಸ್ಟಿಕ್ ಅದನ್ನು ತಿನ್ನುತ್ತದೆ, ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಬಿಡುತ್ತದೆ. ಕೈಗೆ ರಬ್ಬರ್ ಗ್ಲೌಸು, ಕಣ್ಣಿಗೆ ಕನ್ನಡಕ, ಮಕ್ಕಳು ಹೊರಗೆ. ನೀರಿಗೆ ಕಾಸ್ಟಿಕ್ಕನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕಲಕಿ, ಕಾಸ್ಟಿಕ್ಕಿಗೆ ನೀರು ಸುರಿಯಬೇಡಿ. ಕುದಿದು ಮುಖಕ್ಕೆ ಹಾರುತ್ತದೆ. ಮೈಗೆ ಬಿದ್ದರೆ ನಲ್ಲಿ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಿರಿ, ಹುಣಸೆ-ನಿಂಬೆ ಹಚ್ಚಲು ಹೋಗಬೇಡಿ. ಕಣ್ಣಿಗೆ ಬಿದ್ದರೂ ಹಾಗೇ ತೊಳೆದು ನೇರ ಆಸ್ಪತ್ರೆಗೆ.

ದ್ರಾವಣವೂ ಎಣ್ಣೆಯೂ 40 ಡಿಗ್ರಿ ಸುತ್ತಮುತ್ತ ಬಂದ ಮೇಲೆ ದ್ರಾವಣವನ್ನು ಎಣ್ಣೆಗೆ ಸುರಿದು ಕಡೆಯಿರಿ. ನಮ್ಮ ಕಡೆ ಏಪ್ರಿಲ್‌ನಲ್ಲಿ ದ್ರಾವಣ ತಾನಾಗಿ ಆರುವುದೇ ಇಲ್ಲ, ತಣ್ಣೀರ ಬಕೆಟ್ಟಿನಲ್ಲಿ ಇಡಬೇಕು. ಚಳಿಗಾಲದಲ್ಲಿ ಉಲ್ಟಾ: ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ, ಕರಗಿಸಿಕೊಳ್ಳಿ. ಹ್ಯಾಂಡ್ ಬ್ಲೆಂಡರ್ ಇದ್ದರೆ ಐದು-ಹತ್ತು ನಿಮಿಷ, ಬರೀ ಕೈಯಲ್ಲಿ ಆದರೆ ಮುಕ್ಕಾಲು ಗಂಟೆಯೂ ಹಿಡಿಯಬಹುದು. ಹದ ನೋಡುವುದು ಹೀಗೆ: ಸೌಟಿನಿಂದ ಮೇಲೆ ಗೆರೆ ಬಿಡಿ. ಮುಳುಗದೆ ಒಂದು ಕ್ಷಣ ನಿಂತರೆ ಆಯಿತು. ಬೆಣ್ಣೆ ದೋಸೆ ಹಿಟ್ಟಿಗಿಂತ ಒಂದು ಚೂರು ತೆಳ್ಳಗೆ. ಮೇಲೆ ಎಣ್ಣೆಯ ಕಣ್ಣು ಕಂಡರೆ ಇನ್ನೂ ಆಗಿಲ್ಲ, ಕಡೆಯುತ್ತಲೇ ಇರಿ. ಎಷ್ಟು ಕಡೆದರೂ ಒಂದಿಷ್ಟು ಜಿಡ್ಡು ಬೇರೆಯೇ ತೇಲುತ್ತಿದ್ದರೆ, ಬಿಡಿಯಾಗಿ ಕೊಂಡ ಎಣ್ಣೆಗೆ ಮಿನರಲ್ ಆಯಿಲ್ (ಪೆಟ್ರೋಲಿಯಂನಿಂದ ತೆಗೆದ ಎಣ್ಣೆ) ಬೆರೆಸಿರಬಹುದು. ಅದು ಎಸ್ಟರಲ್ಲ, ಯಾವ ಕಾಸ್ಟಿಕ್ಕಿಗೂ ಸೋಪಾಗುವುದಿಲ್ಲ.

ಅಚ್ಚಿಗೆ ಸುರಿದ ಮೇಲೆ ಬೇಸಿಗೆಯಲ್ಲಿ ಕಂಬಳಿ ಸುತ್ತಬೇಡಿ. ಒಳಗಿನ ಬಿಸಿಗೆ ನಡುವೆ ಉಬ್ಬಿ ಬಿರಿಯುತ್ತದೆ. ಮರುದಿನ, ಬೆರಳು ಒತ್ತಿದರೆ ಗುಳಿ ಬೀಳದಷ್ಟಾದಾಗ, ಗ್ಲೌಸು ಹಾಕಿಕೊಂಡೇ ಕತ್ತರಿಸಿ. ನಾಲ್ಕು ವಾರ ಗಾಳಿಯಾಡುವ ಕಡೆ, ಬಿಸಿಲಿಗಲ್ಲ ನೆರಳಿಗೆ. ಮೇಲೆ ಬಿಳಿ ಪುಡಿ ಬಂದರೆ ಹೆದರಬೇಡಿ: ಉಳಿದ ಕಾಸ್ಟಿಕ್ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ಬಟ್ಟೆ ಸೋಡಾ ಆಗಿದೆ, ಒರೆಸಿದರೆ ಹೋಗುತ್ತದೆ. ಕತ್ತರಿಸಿದ ಮುಖದಲ್ಲಿ ಗಟ್ಟಿ ಬಿಳಿ ಗುಳ್ಳೆ ಕಂಡರೆ ಅದು ಬೇರೆ ವಿಷಯ; ಕರಗದ ಕಾಸ್ಟಿಕ್ ಇರಬಹುದು, ಅಂಥದ್ದನ್ನು ಬಳಸಬೇಡಿ. ತಿಂಗಳುಗಳು ಕಳೆದ ಮೇಲೆ ಕಿತ್ತಳೆ ಚುಕ್ಕೆ, ಹಳಸಲು ವಾಸನೆ ಬರುವುದು ಹಳೇ ಶೇಂಗಾ ಎಣ್ಣೆಯ ಗುಣ. ಕರಿದು ಉಳಿದ ಎಣ್ಣೆಯಲ್ಲಿ ಇದು ಇನ್ನೂ ಬೇಗ. ಕಾಸ್ಟಿಕ್ ಡಬ್ಬ ತೆರೆದಿಟ್ಟು ಬಿಲ್ಲೆಗಳು ಅಂಟಿಕೊಂಡಿದ್ದರೆ ತೂಕದಲ್ಲಿ ನೀರೂ ಸೇರಿದೆ, ಸೋಪು ಗಟ್ಟಿಯಾಗದೆ ಜಿಡ್ಡಾಗೇ ಉಳಿಯುತ್ತದೆ.

ಇಷ್ಟು ಸರಿಯಾಗಿ ಮಾಡಿದ ಸೋಪೂ ಬೋರ್‌ವೆಲ್ ನೀರಿನಲ್ಲಿ ಸೋಲುತ್ತದೆ. ಎರಡು ಬಾಟಲಿಯಲ್ಲಿ ಅರ್ಧರ್ಧ ನೀರು ತುಂಬಿ, ಒಂದು ಮಳೆ ನೀರು, ಒಂದು ಬೋರಿನದು. ಎರಡಕ್ಕೂ ಒಂದೊಂದು ಚಿಟಿಕೆ ಸೋಪಿನ ತುರಿ ಹಾಕಿ ಅಲುಗಿಸಿ. ಬೋರಿನದರಲ್ಲಿ ನೊರೆಯ ಬದಲು ಒಡೆದ ಹಾಲಿನಂಥ ಕಣ ತೇಲುತ್ತದೆ: ಸೋಪಿನ ಸೋಡಿಯಂ ಜಾಗಕ್ಕೆ ನೀರಿನ ಕ್ಯಾಲ್ಸಿಯಂ ಬಂದು ಕರಗದ ಉಪ್ಪಾಗಿದೆ. ಬಕೆಟ್ಟಿನ ಒಳಗಿನ ಜಿಗುಟು ಬೂದು ಪಟ್ಟಿಯೂ ಅದೇ. ಗಡಸುತನ ಲೀಟರಿಗೆ 500 ಮಿಲಿಗ್ರಾಂ ಇರುವ ನೀರಿನ ಒಂದೊಂದು ಲೀಟರೂ ಮೂರು ಗ್ರಾಂ ಸೋಪು ನುಂಗಿದ ಮೇಲೆಯೇ ನೊರೆ ಕೊಡುವುದು. 15 ಲೀಟರ್ ಬಕೆಟ್ಟಿಗೆ 45 ಗ್ರಾಂ ದಂಡ. ಅದೇ ನೀರಿಗೆ ನಾಲ್ಕು ತೊಟ್ಟು ಶಾಂಪೂ ಹಾಕಿ ನೋಡಿ, ನೊರೆ ಬರುತ್ತದೆ. ಶಾಂಪೂವಿನಲ್ಲಿರುವುದು ಸೋಪಲ್ಲ, ಡಿಟರ್ಜೆಂಟು; ಅದರ ಅಣುವಿನ ತಲೆ, ಅಂದರೆ ನೀರಿಗೆ ಅಂಟುವ ತುದಿ, ಸಲ್ಫೇಟ್ ಅಥವಾ ಸಲ್ಫೋನೇಟ್. ಕ್ಯಾಲ್ಸಿಯಂ ಜೊತೆ ಅದು ಸೋಪಿನಷ್ಟು ಸುಲಭವಾಗಿ ಒಡೆದು ಬೀಳುವುದಿಲ್ಲ.

ಬಟ್ಟೆಗೆ ಸೋಪನ್ನೇ ಬಳಸುವ ಹಟ ಇದ್ದರೆ, ಸೋಪಿಗಿಂತ ಮೊದಲು ಆ ಬಕೆಟ್ಟಿಗೆ 8 ಗ್ರಾಂ ಪುಡಿ ಬಟ್ಟೆ ಸೋಡಾ ಕದಡಿ ಅರ್ಧ ಗಂಟೆ ಬಿಡಿ, ಕ್ಯಾಲ್ಸಿಯಂನ ಬಹುಪಾಲು ಸುಣ್ಣದ ಪುಡಿಯಾಗಿ ತಳ ಸೇರುತ್ತದೆ. ಹರಳಿನ ಸೋಡಾದಲ್ಲಿ ಅರ್ಧಕ್ಕಿಂತ ಹೆಚ್ಚು ತೂಕ ನೀರಿನದೇ, ಅದಾದರೆ 21 ಗ್ರಾಂ. ತಿಳಿಯನ್ನು ಮಾತ್ರ ಬಗ್ಗಿಸಿಕೊಂಡು ಆಮೇಲೆ ಸೋಪು ಹಾಕಿ.