ಜೋಡಿ ನಳಿಗೆ ಕೋವಿಯ ಸಡಿಲ ರಿಬ್ ಮತ್ತೆ ಕೂರಿಸಿದ್ದು

ಮಂಡ್ಯ ಕಡೆಯ ಗದ್ದೆ ಕಾವಲಿನ ಹಳೇ ಹನ್ನೆರಡು ಬೋರ್ ಕೋವಿ. ನಳಿಗೆ ಬಿಚ್ಚಿ ನೇತುಹಾಕಿ ಮರದ ತುಂಡಿನಿಂದ ತಟ್ಟಿದರೆ ಗಂಟೆಯ ಹಾಗೆ ನಾದ ಬರಬೇಕು. ಇದರಲ್ಲಿ ಬಂದದ್ದು ಬರೀ ದಡ್ ಎನ್ನುವ ಸದ್ದು. ಎರಡು ನಳಿಗೆಗಳ ನಡುವೆ ಉದ್ದಕ್ಕೂ ಬೆಸೆದ ಪಟ್ಟಿಯೇ ರಿಬ್, ಮೇಲೊಂದು ಕೆಳಗೊಂದು. ಮೇಲಿನ ರಿಬ್ ಬಾಯಿಯ ಹತ್ತಿರ ನಾಲ್ಕು ಇಂಚು ಎದ್ದಿತ್ತು, ಒಳಗೆ ತೇವ ನಿಂತು ತುಕ್ಕು.

ತುಕ್ಕಿನ ಮೇಲೆ ಬೆಸುಗೆ ಹಿಡಿಯುವುದೇ ಇಲ್ಲ. ಬಿಳಿ ಲೋಹ ಕಾಣುವವರೆಗೆ ಕೆರೆದು, ರಾಳ ಸವರಿ, ಎರಡೂ ಮೈಗೆ ತೆಳುವಾಗಿ ತವರದ ಕಲಾಯಿ ಕೊಟ್ಟೆ. ರಾಳದ ಬದಲು ಆಸಿಡ್ ಫ್ಲಕ್ಸ್ (ಬೆಸುಗೆ ಹಿಡಿಯಲು ಸವರುವ ಆಮ್ಲ) ಬೇಡ. ಸಂದಿಯಲ್ಲಿ ಉಳಿದು ಮತ್ತೆ ತುಕ್ಕು ತರುತ್ತದೆ. ಗಟ್ಟಿಯಿದ್ದ ಭಾಗಕ್ಕೆ ಒದ್ದೆ ಬಟ್ಟೆ ಸುತ್ತಿ, ಕೆಳ ರಿಬ್ಬನ್ನೂ ಸೇರಿಸಿ ಬೈಂಡಿಂಗ್ ತಂತಿ ಬಿಗಿದು, ತಂತಿಯಡಿ ಬೆಣೆ ಹೊಡೆದೆ. ಇಲ್ಲದಿದ್ದರೆ ಒಂದು ಕಡೆ ಕೂತಾಗ ಇನ್ನೊಂದು ಕಡೆ ಏಳುತ್ತದೆ.

60/40 ತವರ-ಸೀಸ 190 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಪೂರ್ತಿ ಕರಗುತ್ತದೆ, ಅಷ್ಟೇ ಸಾಕು. ಬೆಳ್ಳಿ ಬೆಸುಗೆಗೆ 600 ದಾಟಬೇಕು, ನಳಿಗೆಯೇ ಸೊಟ್ಟಗಾದೀತು. ಆರಿದ ಮೇಲೆ ಮತ್ತೆ ತಟ್ಟಿದಾಗ ನಾದ ಬಂತು.

ಬಿಸಿ ಉಪ್ಪಿನ ತೊಟ್ಟಿಯಲ್ಲಿ ಬ್ಲೂಯಿಂಗ್ (ಉಕ್ಕಿಗೆ ಕಪ್ಪು-ನೀಲಿ ಬಣ್ಣ ಬರಿಸುವ ಕೆಲಸ) ಮಾಡಿಸಬೇಡಿ, ಅದರ ಕ್ಷಾರ ಈ ಬೆಸುಗೆಯನ್ನು ತಿನ್ನುತ್ತದೆ. ಕೆಲಸ ಪರವಾನಗಿ ಇರುವ ಕೋವಿ ರಿಪೇರಿಯವರಲ್ಲೇ ಆಗಬೇಕು.