‘ಈ ಸಂತತಿ ಅಳಿಯುವುದಿಲ್ಲ’: ಮತ್ತಾಯ 24ನ್ನು ಗುಂಪಿನಲ್ಲಿ ಓದುವುದು ಹೇಗೆ

ನನ್ನ ಹಳೆಯ ಬೈಬಲಿನ ಕೊನೆಯ ಖಾಲಿ ಹಾಳೆಯಲ್ಲಿ ಒಂದು ಲೆಕ್ಕ ಇದೆ: 1948 + 40 = 1988. ಬರೆದವಳು ನಾನೇ. ಮತ್ತಾಯನ ಸುವಾರ್ತೆಯ 24ನೇ ಅಧ್ಯಾಯದಲ್ಲಿ ಯೇಸು ಅಂಜೂರದ ಮರದ ಸಾಮ್ಯ ಹೇಳಿ, ಇದೆಲ್ಲ ಆಗುವ ತನಕ ಈ ಸಂತತಿ ಅಳಿಯುವುದಿಲ್ಲ ಎನ್ನುತ್ತಾನೆ (34ನೇ ವಚನ). ಆ ಅಂಜೂರದ ಮರ ಎಂದರೆ ಇಸ್ರೇಲ್, ಆ ದೇಶ ಹುಟ್ಟಿದ್ದು 1948ರಲ್ಲಿ, ಒಂದು ಸಂತತಿ ಎಂದರೆ 40 ವರ್ಷ, ಅಷ್ಟರೊಳಗೆ ಕ್ರಿಸ್ತನು ತಿರುಗಿ ಬಂದೇ ಬರುತ್ತಾನೆ ಎಂದು ಬೋಧಕರೊಬ್ಬರು ಹೇಳಿದ್ದರು. ನಾನು ಗಣಿತದ ಟೀಚರ್. ಕೂಡಿದ್ದೇನೋ ಸರಿಯಾಗಿತ್ತು. 1989 ಬಂತು. ಹಾಳೆ ಹರಿದಿಲ್ಲ. ಈ ವಿಷಯಕ್ಕೆ ಬೈಬಲ್ ಓದುವ ಗುಂಪು ಕೂತಾಗಲೆಲ್ಲ ಮೊದಲು ಅದನ್ನೇ ತೋರಿಸುತ್ತೇನೆ.

ನೀವು ಗುಂಪು ನಡೆಸುವವರಾದರೆ ಎರಡು ಬಣ್ಣದ ಪೆನ್ಸಿಲ್ ಇಟ್ಟುಕೊಳ್ಳಿ. 34ನೇ ವಚನದಿಂದ ಮಾತ್ರ ಶುರು ಮಾಡಬೇಡಿ. ಹತ್ತೇ ನಿಮಿಷದಲ್ಲಿ ಜಗಳ ಆಗುತ್ತದೆ. ಮೊದಲ ಮೂರು ವಚನ ನಿಧಾನವಾಗಿ ಓದಿ. ಯೆರೂಸಲೇಮಿನ ದೇವಾಲಯದಲ್ಲಿ ಕಲ್ಲಿನ ಮೇಲೆ ಕಲ್ಲು ಉಳಿಯುವುದಿಲ್ಲ ಎಂದು ಯೇಸು ಹೇಳುತ್ತಾನೆ. ಶಿಷ್ಯರು ಕೇಳುವುದು ಒಂದೇ ಪ್ರಶ್ನೆ ಅಲ್ಲ. ಅದು ಯಾವಾಗ ಆಗುತ್ತದೆ ಎಂಬುದು ಒಂದು. ನಿನ್ನ ಬರೋಣಕ್ಕೂ (ಅಂದರೆ ಯೇಸು ತಿರುಗಿ ಬರುವುದಕ್ಕೂ) ಯುಗದ ಕೊನೆಗೂ ಗುರುತೇನು ಎಂಬುದು ಇನ್ನೊಂದು. ದೇವಾಲಯದ ಮಾತಿಗೆ ನೀಲಿ, ಬರೋಣದ ಮಾತಿಗೆ ಕೆಂಪು ಗೆರೆ ಎಳೆಯಿರಿ. ತಿಳಿಯದ ಕಡೆ ಹಾಗೇ ಬಿಡಿ. ನನ್ನ ಪುಟದಲ್ಲಿ ಗೆರೆ ಇಲ್ಲದ ವಚನಗಳೇ ಜಾಸ್ತಿ.

ಆಮೇಲೆ ಇದೇ ಉಪದೇಶ ಬರುವ ಲೂಕ 21:20 ತೆಗೆಯಿರಿ. ಅಲ್ಲಿ ದಂಡುಗಳು ಯೆರೂಸಲೇಮನ್ನು ಸುತ್ತಿಕೊಳ್ಳುವ ಮಾತಿದೆ. ಕ್ರಿ.ಶ. 70ರಲ್ಲಿ ಸೇನಾಪತಿ ತೀತನ ರೋಮನ್ ಸೈನ್ಯ ಪಟ್ಟಣವನ್ನು ಹಿಡಿದು ದೇವಾಲಯವನ್ನು ಸುಟ್ಟಿತು. ಯೇಸು ಈ ಮಾತು ಆಡಿ ಆಗ ಸುಮಾರು 40 ವರ್ಷ.

ಈಗ 34ಕ್ಕೆ ಬನ್ನಿ. ‘ಸಂತತಿ’ ಎಂದರೆ ನಮ್ಮ ಕಿವಿಗೆ ವಂಶವೂ ಹೌದು, ತಲೆಮಾರೂ ಹೌದು. ಅಲ್ಲೇ ತೊಡಕು. ಯೆಹೂದ್ಯರ ವಂಶ ಅಳಿಯುವುದಿಲ್ಲ ಎಂದು ಕೆಲವರು ಓದುತ್ತಾರೆ. ಗುರುತುಗಳನ್ನು ಕಾಣುವ ಕೊನೆಯ ಕಾಲದ ಜನ ಎಂದು ಇನ್ನು ಕೆಲವರು. ಗ್ರೀಕಿನ ಪದ ‘ಗೆನೆಆ’. ಇದೇ ಪದ ಮತ್ತಾಯ 11:16 ಮತ್ತು 23:36ರಲ್ಲೂ ಇದೆ, ಅವನ್ನೂ ಓದಿಸಿ. ಎರಡೂ ಕಡೆ ಯೇಸು ಹೇಳುವುದು ತನ್ನ ಕಾಲದವರನ್ನೇ. ಹಾಗಾಗಿ 34ನೇ ವಚನಕ್ಕೆ ನಾನು ನೀಲಿ ಹಾಕಿದ್ದೇನೆ.

ಹಾಗಾದರೆ ಎಲ್ಲ 70ರಲ್ಲೇ ಮುಗಿಯಿತಾ? ಹೌದು, ಬರೋಣವೂ ಪುನರುತ್ಥಾನವೂ ಆಗಿಹೋಯಿತು ಎನ್ನುವವರಿದ್ದಾರೆ. ಅಲ್ಲಿಯವರೆಗೆ ನಾನು ಹೋಗಲಾರೆ. ಬದುಕಿರುವವರಿಗೂ ಸತ್ತವರಿಗೂ ತೀರ್ಪು ಮಾಡಲು ಆತ ತಿರುಗಿ ಬರುತ್ತಾನೆ ಎಂದು ಸಭೆಗಳು ಆರಾಧನೆಯಲ್ಲಿ ಹೇಳುವ ಹಳೆಯ ನಂಬಿಕೆಯ ಹೇಳಿಕೆಯಾದ ನೈಸಿಯ ವಿಶ್ವಾಸಪ್ರಮಾಣದಲ್ಲಿ ಇಂದಿಗೂ ಹೇಳುತ್ತವೆ. 36ನೇ ವಚನದಲ್ಲಿ ಮಾತು ‘ಆ ದಿನ’ಕ್ಕೆ ತಿರುಗುತ್ತದೆ, ಅದು ತಂದೆಗೆ ಮಾತ್ರ ಗೊತ್ತು ಎನ್ನುತ್ತದೆ. ಅದಕ್ಕೆ ಕೆಂಪು. ಸೂರ್ಯ ಕತ್ತಲಾಗಿ ಮನುಷ್ಯಕುಮಾರನು ಮೇಘಗಳ ಮೇಲೆ ಬರುವ 29ರಿಂದ 31ಕ್ಕೆ ಯಾವ ಬಣ್ಣ ಎಂದು ಕೇಳಬೇಡಿ. ಮೂರು ಸಲ ಅಳಿಸಿದ್ದೇನೆ, ಕಾಗದ ತೆಳ್ಳಗಾಗಿದೆ.

ಯಾರಾದರೂ ತಾರೀಕು ಎತ್ತಿದರೆ ಬೈಯಬೇಡಿ, ಲೆಕ್ಕ ಮಾಡಿಸಿ. ಅಮೆರಿಕದ ಬೋಧಕ ವಿಲಿಯಂ ಮಿಲ್ಲರ್ ದಾನಿಯೇಲ 8:14ರ 2300 ದಿನಗಳನ್ನು ವರ್ಷ ಎಂದು ಎಣಿಸಿದರು, ಕ್ರಿ.ಪೂ. 457ರಿಂದ ಶುರು ಮಾಡಿದರು. 2300ರಲ್ಲಿ 457 ಕಳೆದರೆ 1843. ಸೊನ್ನೆಯ ವರ್ಷ ಇಲ್ಲವಲ್ಲ, ಅದನ್ನು ಸರಿಪಡಿಸಿದರೆ 1844. ಅವರ ಗುಂಪಿನವರು ಕೊನೆಗೆ 1844ರ ಅಕ್ಟೋಬರ್ 22 ಎಂದು ಗೊತ್ತು ಮಾಡಿ ಕಾದರು. ಅಮೆರಿಕದ ರೇಡಿಯೊ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21 ಎಂದರು, ಅದು ತಪ್ಪಿದ ಮೇಲೆ ಅಕ್ಟೋಬರ್ 21 ಎಂದರು. ಕೂಡುವುದು ಕಳೆಯುವುದು ಯಾರೂ ತಪ್ಪಲಿಲ್ಲ. ಎಲ್ಲಿಂದ ಎಣಿಸಬೇಕು, ದಿನ ಯಾಕೆ ವರ್ಷ ಆಗಬೇಕು, ಇದನ್ನು ಬೋರ್ಡಿನ ಮೇಲೆ ಬರೆದು ಕೇಳಿ. ನಾನು 1988ರ ಮುಂಚೆ ಕೇಳದೇ ಬಿಟ್ಟ ಪ್ರಶ್ನೆ ಅದೇ.

ತಡವಾಯಿತಲ್ಲ ಎನ್ನುವವರಿಗೆ 2 ಪೇತ್ರ 3:4 ಓದಿಸಿ. ಆತನ ಬರೋಣದ ಮಾತು ಏನಾಯಿತು ಎಂದು ಅಣಕಿಸುವವರು ಅಲ್ಲೇ ಸಿಗುತ್ತಾರೆ.

ಕೊನೆಯ ಹತ್ತು ನಿಮಿಷ ಯೋಹಾನ 21:20ರಿಂದ 23ಕ್ಕೆ ಇಟ್ಟುಕೊಳ್ಳಿ. ಹಿಂದೆ ಬರುತ್ತಿದ್ದ ಇನ್ನೊಬ್ಬ ಶಿಷ್ಯನನ್ನು ಕುರಿತು, ನಾನು ಬರುವ ತನಕ ಇವನು ಇರಬೇಕೆಂದು ನನಗೆ ಮನಸ್ಸಿದ್ದರೆ ನಿನಗೇನು ಎಂದು ಯೇಸು ಪೇತ್ರನಿಗೆ ಹೇಳುತ್ತಾನೆ. ಆ ಶಿಷ್ಯ ಸಾಯುವುದೇ ಇಲ್ಲ ಎಂದು ಸಹೋದರರಲ್ಲಿ ಸುದ್ದಿ ಹಬ್ಬುತ್ತದೆ. ಯೇಸು ಹಾಗೆ ಹೇಳಲಿಲ್ಲ ಎಂದು ಸುವಾರ್ತೆಯೇ ತಿದ್ದುತ್ತದೆ. ಗುಂಪಿನಲ್ಲಿ ಯಾರಿಗೆ ತಾರೀಕಿನ ಬಗ್ಗೆ ಜಾಸ್ತಿ ಧೈರ್ಯವೋ ಅವರ ಕೈಯಲ್ಲೇ ಇದನ್ನು ಗಟ್ಟಿಯಾಗಿ ಓದಿಸಿ. ನೀವು ಸುಮ್ನೆ ಕೂತಿರಿ.