ನಿಂತ ಪಿಕಪ್ಪಿಗೆ ರೇಸ್: ನಾನು ಕೂರಿಸಿಕೊಂಡ ಕೈ ಎಕ್ಸಲರೇಟರ್

ಪಂಪ್‌ಸೆಟ್ ರಿಪೇರಿ ನನ್ನ ಕಸುಬು. ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣದ ಸುತ್ತ ಎಲ್ಲಿ ಮೋಟಾರು ಕೆಟ್ಟರೂ, ಸ್ಟಾರ್ಟರ್ ಸುಟ್ಟರೂ ಹಳೆಯ ಡೀಸೆಲ್ ಪಿಕಪ್ಪಿನಲ್ಲಿ ಸಾಮಾನು ತುಂಬಿಕೊಂಡು ಹೋಗುತ್ತೇನೆ. ಲೈನಿನಲ್ಲಿ ಕರೆಂಟ್ ಇಲ್ಲದಾಗಲೇ ನಮ್ಮ ಕೆಲಸ ನಡೆಯಬೇಕು. ಗ್ರೈಂಡರ್, ಡ್ರಿಲ್, ರಾತ್ರಿಯಾದರೆ ಬೆಳಕು, ಇವಕ್ಕೆ ಮಾತ್ರ ಕರೆಂಟ್ ಬೇಕೇ ಬೇಕು. ಅದಕ್ಕಾಗಿ ಗಾಡಿಯಲ್ಲಿ 1000 ವ್ಯಾಟಿನ ಇನ್ವರ್ಟರ್ ಕೂರಿಸಿ, ಬ್ಯಾಟರಿಯಿಂದ ದಪ್ಪ ಕೇಬಲ್ ಎಳೆದು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಿದ್ದೇನೆ.

ಲೆಕ್ಕ ನೋಡಿ. 700 ವ್ಯಾಟಿನ ಗ್ರೈಂಡರ್ ಓಡಿದರೆ ಇನ್ವರ್ಟರಿನಲ್ಲಿ ಆಗುವ ನಷ್ಟವೂ ಸೇರಿ 12 ವೋಲ್ಟ್ ಬ್ಯಾಟರಿಯಿಂದ ಸುಮಾರು 70 ಆಂಪಿಯರ್ ಎಳೆಯುತ್ತದೆ. ಇಂಜಿನ್ನಿನ ಜೊತೆ ತಿರುಗಿ ಬ್ಯಾಟರಿ ಚಾರ್ಜ್ ಮಾಡುವ ನನ್ನ ಆಲ್ಟರ್ನೇಟರಿನ ಮೇಲೆ 75 ಆಂಪಿಯರ್ ಎಂದು ಬರೆದಿದೆ, ಆದರೆ ಅದು ಜೋರಾಗಿ ತಿರುಗುವಾಗ ಕೊಡುವ ಕರೆಂಟ್. ಇಂಜಿನ್ ನಿಮಿಷಕ್ಕೆ 750 ಸುತ್ತಿನ, ಅಂದರೆ ಪೆಡಲ್ ಒತ್ತದೆ ಓಡುವಾಗಿನ, ಐಡ್ಲಿಂಗ್‌ನಲ್ಲಿದ್ದಾಗ ಕ್ಲ್ಯಾಂಪ್ ಮೀಟರ್ ಹಿಡಿದರೆ 30ರ ಆಸುಪಾಸು ತೋರಿಸುತ್ತದೆ. ಉಳಿದದ್ದನ್ನೆಲ್ಲ ಬ್ಯಾಟರಿಯೇ ಕೊಡಬೇಕು. ಇಂಜಿನ್ ಓಡುತ್ತಲೇ ಇರುತ್ತದೆ, ಬ್ಯಾಟರಿ ಇಳಿಯುತ್ತಲೇ ಇರುತ್ತದೆ. ಕೆಲಸ ಮುಗಿಸಿ ಆಫ್ ಮಾಡಿದ ಮೇಲೆ ಗದ್ದೆಯ ಬದುವಿನಲ್ಲಿ ಸೆಲ್ಫ್ ತಿರುಗದೆ ನಿಂತರೆ ತಳ್ಳುವವರು ಯಾರು?

ಬೇರೆ ಜನರೇಟರ್ ಕೊಳ್ಳಬಹುದಿತ್ತು. ಆದರೆ ಅದಕ್ಕೆ ಇನ್ನೊಂದು ಇಂಧನ, ಇನ್ನೊಂದು ಸರ್ವಿಸ್, ಜೊತೆಗೆ ಕಳುವಾಗದಂತೆ ಕಾಯುವ ಕೆಲಸ. ಗಾಡಿಯಲ್ಲೇ ಒಂದು ಇಂಜಿನ್, ಒಂದು ಆಲ್ಟರ್ನೇಟರ್ ಇರುವಾಗ ಅವನ್ನು ಸರಿಯಾದ ವೇಗದಲ್ಲಿ ಓಡಿಸಿದರೆ ಸಾಕು ಎಂಬುದು ನನ್ನ ತೀರ್ಮಾನ. ಡೀಸೆಲ್ ಇಂಜಿನ್ನಿಗೂ ಗಂಟೆಗಟ್ಟಲೆ ಐಡ್ಲಿಂಗ್ ಒಳ್ಳೆಯದಲ್ಲ. ಸಿಲಿಂಡರಿಗೆ ಬಿಸಿ ಸಾಲದೆ ಇಂಧನ ಪೂರ್ತಿ ಉರಿಯುವುದಿಲ್ಲ, ಡೀಸೆಲ್ ಚಿಮ್ಮಿಸುವ ನಾಝಲ್ಲಿನ ತುದಿಗೆ ಮಸಿ ಕಟ್ಟುತ್ತದೆ, ಉರಿಯದೆ ಉಳಿದ ಡೀಸೆಲ್ ಕೆಳಗಿಳಿದು ಆಯಿಲಿಗೆ ಸೇರುತ್ತದೆ. ಅಮೆರಿಕ, ಕೆನಡಾಗಳ ಹಿಮ ಬೀಳುವ ಊರುಗಳಲ್ಲಿ ಡೀಸೆಲ್ ಪಿಕಪ್ ಇಟ್ಟುಕೊಂಡವರು ನಿಂತ ಗಾಡಿಗೆ ರೇಸ್ ಏರಿಸುವುದು ಮುಖ್ಯವಾಗಿ ಇಂಜಿನ್ ಬಿಸಿಯಾಗಿರಲಿ ಎಂದು. ನಮ್ಮಲ್ಲಿ ಚಳಿಯ ಕಾಟವಿಲ್ಲ, ಚಾರ್ಜಿಂಗ್‌ದೇ ಚಿಂತೆ.

ಇದಕ್ಕೆ ನಮ್ಮ ಕಡೆ ಬಳಕೆಯಲ್ಲಿರುವ ಉಪಾಯವೆಂದರೆ ಪೆಡಲಿಗೂ ಸೀಟಿಗೂ ನಡುವೆ ಕೋಲು ಸಿಕ್ಕಿಸುವುದು, ಇಲ್ಲವೇ ಪೆಡಲಿನ ಮೇಲೆ ಕಲ್ಲಿಡುವುದು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಗಾಡಿ ಅಲುಗಾಡಿದಾಗ ಕೋಲು ಜರುಗಿ ಪೆಡಲನ್ನು ಇನ್ನಷ್ಟು ಒತ್ತಬಹುದು, ಕಲ್ಲು ಉರುಳಿ ಬ್ರೇಕ್ ಪೆಡಲಿನ ಕೆಳಗೆ ಸಿಕ್ಕಬಹುದು. ನಾನು ಮೊದಲೇ ಹಾಕಿಕೊಂಡ ನಿಯಮ ಒಂದೇ: ಏನು ಮುರಿದರೂ, ಏನು ಸಡಿಲವಾದರೂ ಇಂಜಿನ್ ತಾನಾಗಿ ಐಡ್ಲಿಂಗಿಗೆ ಮರಳಬೇಕು. ಮುಂದಿನ ಕೆಲಸವೆಲ್ಲ ಈ ನಿಯಮಕ್ಕೆ ಬದ್ಧವಾಗಿಯೇ ನಡೆಯಿತು.

ನನ್ನ ಗಾಡಿಯ ಡೀಸೆಲ್ ಪಂಪ್ ಮೆಕ್ಯಾನಿಕಲ್. ಪೆಡಲಿನಿಂದ ಬರುವ ಕೇಬಲ್ ಪಂಪಿನ ಮೇಲಿರುವ ಲಿವರನ್ನು ಎಳೆಯುತ್ತದೆ, ಸ್ಪ್ರಿಂಗ್ ಅದನ್ನು ಹಿಂದಕ್ಕೆ ತರುತ್ತದೆ. ಲಿವರಿಗೆ ಎರಡು ಸ್ಕ್ರೂಗಳ ಗಡಿ ಇದೆ. ಒಂದು ಐಡ್ಲಿಂಗಿನದು, ಇನ್ನೊಂದು ಗರಿಷ್ಠ ವೇಗದ್ದು. ಗರಿಷ್ಠದ ಸ್ಕ್ರೂಗೆ ತಂತಿ ಕಟ್ಟಿ ಸೀಲ್ ಹಾಕಿರುತ್ತಾರೆ, ಅದನ್ನು ಮುಟ್ಟುವಂತಿಲ್ಲ. ಐಡ್ಲಿಂಗ್ ಸ್ಕ್ರೂವನ್ನೇ ತಿರುಗಿಸಿ ವೇಗ ಏರಿಸಿದರಾಯಿತು ಎನ್ನುವವರಿದ್ದಾರೆ. ಹಾಗೆ ಮಾಡಿದರೆ ರಸ್ತೆಯಲ್ಲೂ ಅದೇ ವೇಗ ಉಳಿಯುತ್ತದೆ. ಕ್ಲಚ್ ಬಿಟ್ಟ ಕೂಡಲೇ ಗಾಡಿ ನುಗ್ಗುತ್ತದೆ, ಇಳಿಜಾರಿನಲ್ಲಿ ಇಂಜಿನ್ ಹಿಡಿತ ತಪ್ಪುತ್ತದೆ.

ಟ್ರ್ಯಾಕ್ಟರಿನಲ್ಲಿ ಕೈ ಎಕ್ಸಲರೇಟರ್ ಕಂಪನಿಯಿಂದಲೇ ಬಂದಿರುತ್ತದೆ. ನನಗೆ ಬೇಕಾದದ್ದೂ ಅದೇ. ಮಂಡ್ಯದ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಲ್ಲಿ ಹುಡುಕಿ, ಗುಂಡಿಯನ್ನು ಎಳೆದು ತಿರುಗಿಸಿದರೆ ಇದ್ದಲ್ಲೇ ಲಾಕ್ ಆಗುವ ಕೇಬಲ್ ತಂದೆ. ಹಳೆಯ ಕಾರುಗಳ ಚೋಕ್ ಕೇಬಲ್ ಇನ್ನೂ ಅಗ್ಗವಾಗಿ ಸಿಗುತ್ತದೆ, ಆದರೆ ಡೀಸೆಲ್ಲಿನ ನಡುಕಕ್ಕೆ ಅದು ನಿಧಾನವಾಗಿ ಒಳಗೆ ಸರಿದುಬಿಡುತ್ತದೆ. ಗುಂಡಿಯನ್ನು ಡ್ಯಾಶ್‌ಬೋರ್ಡಿನ ಕೆಳಗೆ, ಸ್ಟಿಯರಿಂಗಿನ ಬಲಕ್ಕೆ, ಮೊಣಕಾಲು ತಾಗದ ಜಾಗದಲ್ಲಿ ಕೂರಿಸಿದೆ. ಕ್ಯಾಬಿನ್ನಿನ ತಗಡು ದಾಟುವಲ್ಲಿ ರಬ್ಬರ್ ಗ್ರೋಮೆಟ್ ಹಾಕಿದೆ. ಸೈಲೆನ್ಸರ್ ಮ್ಯಾನಿಫೋಲ್ಡಿನಿಂದ ದೂರವಾಗಿ, ಕ್ಲಚ್ ಮತ್ತು ಸ್ಟಿಯರಿಂಗ್ ಭಾಗಗಳಿಗೆ ತಾಗದಂತೆ, ಎಲ್ಲಿಯೂ ಕಡಿದಾಗಿ ಬಾಗದಂತೆ ಕೇಬಲ್ ಒಯ್ದೆ.

ಕೇಬಲ್ ಲಿವರನ್ನು ಸೇರುವ ಜಾಗವೇ ಈ ಕೆಲಸದ ಜೀವಾಳ. ತಂತಿಯನ್ನು ಲಿವರಿಗೆ ಬಿಗಿಯಾಗಿ ಕಟ್ಟಿಬಿಟ್ಟರೆ ಪೆಡಲ್ ಒತ್ತಿದಾಗ ಅದು ಅಡ್ಡಬರುತ್ತದೆ, ಸಿಕ್ಕಿಹಾಕಿಕೊಂಡರೆ ಲಿವರನ್ನೂ ಹಿಡಿದು ನಿಲ್ಲಿಸುತ್ತದೆ. ಆದ್ದರಿಂದ ಲಿವರಿನಲ್ಲಿ ತಿರುಗುವ ಸಣ್ಣ ಪಿನ್ ಕೂರಿಸಿ, ಅದರ ತೂತಿನೊಳಗೆ ತಂತಿ ಸರಾಗವಾಗಿ ಜಾರುವಂತೆ ಬಿಟ್ಟೆ. ತಂತಿಯ ತುದಿಗೆ ಲೇಥಿನಲ್ಲಿ ಮಾಡಿಸಿದ ಹಿತ್ತಾಳೆಯ ಬಿಲ್ಲೆಯನ್ನು ಸ್ಕ್ರೂನಿಂದ ಬಿಗಿದೆ. ಗುಂಡಿ ಎಳೆದರೆ ಬಿಲ್ಲೆ ಬಂದು ಪಿನ್ನಿಗೆ ಒತ್ತಿ ಲಿವರನ್ನು ಕರೆದೊಯ್ಯುತ್ತದೆ. ಪೆಡಲ್ ಒತ್ತಿದರೆ ಲಿವರ್ ಮುಂದೆ ಹೋಗುತ್ತದೆ, ತಂತಿ ಇದ್ದಲ್ಲೇ ಇರುತ್ತದೆ. ಗುಂಡಿ ಒಳಗಿದ್ದಾಗ ಬಿಲ್ಲೆಗೂ ಪಿನ್ನಿಗೂ ನಡುವೆ ಮೂರು ಮಿಲಿಮೀಟರ್ ಬಿಡುವು ಇಟ್ಟಿದ್ದೇನೆ. ತಂತಿ ತುಂಡಾದರೆ, ಸ್ಕ್ರೂ ಸಡಿಲವಾದರೆ ಸ್ಪ್ರಿಂಗ್ ಲಿವರನ್ನು ಐಡ್ಲಿಂಗಿಗೆ ತಂದು ನಿಲ್ಲಿಸುತ್ತದೆ. ಹಳೆಯ ಸ್ಪ್ರಿಂಗನ್ನೇ ಪೂರ್ತಿ ನೆಚ್ಚಿಕೊಳ್ಳದೆ ಜೊತೆಗೆ ಇನ್ನೊಂದನ್ನು ಸಿಕ್ಕಿಸಿದೆ. ಗುಂಡಿಯ ಕಡೆಯಲ್ಲೂ ಒಂದು ತಡೆ ಹಾಕಿದ್ದೇನೆ. ಯಾರು ಎಷ್ಟೇ ಬಲವಾಗಿ ಎಳೆದರೂ ಇಂಜಿನ್ 1500 ಸುತ್ತು ದಾಟುವುದಿಲ್ಲ.

ಎಷ್ಟು ಸುತ್ತು ಎಂದು ತಿಳಿಯಲು ನನ್ನ ಗಾಡಿಯಲ್ಲಿ ಮೀಟರ್ ಇಲ್ಲ. ಆಲ್ಟರ್ನೇಟರಿನ ಹಿಂದೆ ಡಬ್ಲ್ಯೂ ಎಂದು ಗುರುತಿರುವ ಟರ್ಮಿನಲ್ ಇದ್ದರೆ ಆ ಚಿಂತೆ ಬೇಡ. ಫ್ರೀಕ್ವೆನ್ಸಿ ಅಳೆಯುವ ಮಲ್ಟಿಮೀಟರನ್ನು ಅಲ್ಲಿ ಹಿಡಿದರೆ ವೇಗ ಸೆಕೆಂಡಿಗೆ ಇಷ್ಟು ಅಲೆ ಎಂದು, ಅಂದರೆ ಹರ್ಟ್ಸ್‌ನಲ್ಲಿ ಸಿಗುತ್ತದೆ. ನನ್ನದರಲ್ಲಿ ಪುಲ್ಲಿಗಳ ಅನುಪಾತ 2.2. ಇಂಜಿನ್ 750 ಸುತ್ತಿದರೆ ಆಲ್ಟರ್ನೇಟರ್ 1650 ಸುತ್ತುತ್ತದೆ. ಹನ್ನೆರಡು ಪೋಲಿನ (ಅಯಸ್ಕಾಂತದ ಧ್ರುವಗಳ) ಆಲ್ಟರ್ನೇಟರ್ ಆದ್ದರಿಂದ ಒಂದು ಸುತ್ತಿಗೆ ಆರು ಅಲೆ, ಅಂದರೆ ಸೆಕೆಂಡಿಗೆ 165. ಮೀಟರ್ 286 ತೋರಿಸಿದಾಗ ಇಂಜಿನ್ ಸರಿಯಾಗಿ 1300ರಲ್ಲಿರುತ್ತದೆ. 1000ದ ಹತ್ತಿರ ಕ್ಯಾಬಿನ್ ಪೂರ್ತಿ ನಡುಗುತ್ತಿತ್ತು, 1300ಕ್ಕೆ ಬಂದಾಗ ಶಾಂತವಾಯಿತು. ಆಲ್ಟರ್ನೇಟರ್ 55 ಆಂಪಿಯರಿಗೂ ಮೇಲೆ ಕೊಟ್ಟಿತು. ಗ್ರೈಂಡರ್ ಎಡೆಬಿಡದೆ ಓಡುವ ಯಂತ್ರವಲ್ಲ, ಕೈ ಬಿಟ್ಟ ನಡುವಿನ ಹೊತ್ತಿನಲ್ಲಿ ಬ್ಯಾಟರಿ ಮತ್ತೆ ತುಂಬಿಕೊಳ್ಳುತ್ತದೆ. ಆದ್ದರಿಂದ 1300ಕ್ಕೇ ಗುರುತು ಹಾಕಿದೆ. ಇದಕ್ಕಿಂತ ಹೆಚ್ಚಿಸಿದರೆ ಡೀಸೆಲ್ ದಂಡ, ಸದ್ದೂ ಜಾಸ್ತಿ.

ಪಂಪಿನ ಗವರ್ನರ್, ಅಂದರೆ ವೇಗ ನೋಡಿ ಡೀಸೆಲ್ ಹೆಚ್ಚು ಕಡಿಮೆ ಮಾಡುವ ಭಾಗ, ಯಾವ ಬಗೆಯದು ಎಂಬುದನ್ನೂ ನೋಡಿಕೊಳ್ಳಬೇಕು. ಎಲ್ಲ ವೇಗದಲ್ಲೂ ಹಿಡಿತ ಇರುವ ಗವರ್ನರ್ ಆದರೆ ಲೋಡ್ ಬಿದ್ದಾಗ ತಾನೇ ಡೀಸೆಲ್ ಹೆಚ್ಚಿಸಿ ವೇಗ ಕಾಯ್ದುಕೊಳ್ಳುತ್ತದೆ. ಐಡ್ಲಿಂಗ್ ಮತ್ತು ಗರಿಷ್ಠ, ಈ ಎರಡನ್ನು ಮಾತ್ರ ನೋಡಿಕೊಳ್ಳುವ ಗವರ್ನರ್ ಆದರೆ ನಡುವಿನಲ್ಲಿ ವೇಗ ಕುಸಿಯುತ್ತದೆ. ಹೆಡ್‌ಲೈಟ್, ಗ್ರೈಂಡರ್ ಎರಡನ್ನೂ ಒಟ್ಟಿಗೆ ಹಾಕಿ ಕಿವಿಗೊಟ್ಟರೆ ಗೊತ್ತಾಗುತ್ತದೆ. ನನ್ನದು ಒಂದು ಕ್ಷಣ ತಗ್ಗಿ ಮತ್ತೆ ಅದೇ ದನಿಗೆ ಬರುತ್ತದೆ.

ಇನ್ನು ಬಜರ್. ಗುಂಡಿ ಹೊರಗಿರುವಾಗ ಯಾರಾದರೂ ಹ್ಯಾಂಡ್‌ಬ್ರೇಕ್ ಇಳಿಸಿದರೆ ಕೂಗಬೇಕು. ಗುಂಡಿಯ ಹಿಂದೆ ಮೈಕ್ರೋಸ್ವಿಚ್ ಇಟ್ಟು, ಗುಂಡಿ ಎಳೆದಾಗ ಮಾತ್ರ ಐದು ಪಿನ್ನಿನ ರಿಲೇಗೆ (ಕಾಯಿಲಿಗೆ ಕರೆಂಟ್ ಬಂದಾಗ ಬದಲಾಗುವ ಸ್ವಿಚ್ಚಿಗೆ) ಪ್ಲಸ್ ಬರುವಂತೆ ಮಾಡಿದೆ. ರಿಲೇ ಕಾಯಿಲಿನ ಇನ್ನೊಂದು ತುದಿ ಹ್ಯಾಂಡ್‌ಬ್ರೇಕ್ ಸ್ವಿಚ್ಚಿನ ವೈರಿಗೆ. ಬ್ರೇಕ್ ಎಳೆದಿದ್ದರೆ ಆ ವೈರ್ ಅರ್ಥ್ ಆಗಿ ರಿಲೇ ಎಳೆದುಕೊಳ್ಳುತ್ತದೆ, ಬಜರ್ ಸುಮ್ಮನಿರುತ್ತದೆ. ಬ್ರೇಕ್ ಇಳಿಸಿದರೆ ರಿಲೇ ಬಿಟ್ಟು, 87ಎ ಪಿನ್ನಿನ ಮೂಲಕ ಬಜರ್ ಕೂಗುತ್ತದೆ. ಕಾಯಿಲಿಗೂ ಬ್ರೇಕ್ ವೈರಿಗೂ ನಡುವೆ ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಒಂದು 4007 ಡಯೋಡ್ ಹಾಕಲೇಬೇಕು. ಇಲ್ಲದಿದ್ದರೆ ಗುಂಡಿ ಒಳಗಿದ್ದಾಗಲೂ ಡ್ಯಾಶ್‌ಬೋರ್ಡಿನ ಬ್ರೇಕ್ ದೀಪದ ಮೂಲಕ ಕರೆಂಟ್ ಹಿಮ್ಮುಖವಾಗಿ ಹರಿದು ಬಜರಿನವರೆಗೂ ಬರುತ್ತದೆ. ಡಯೋಡಿನ ಬಿಳಿ ಪಟ್ಟಿ ಬ್ರೇಕ್ ವೈರಿನ ಕಡೆಗಿರಲಿ.

ಎಲ್ಲ ಮುಗಿದ ಮೇಲೆ ಗುಂಡಿಯನ್ನು ಪೂರ್ತಿ ಎಳೆದಿಟ್ಟು ಕೀ ಆಫ್ ಮಾಡಿ ನೋಡಿ. ಆ ವೇಗದಲ್ಲೂ ಇಂಜಿನ್ ತಕ್ಷಣ ನಿಲ್ಲಬೇಕು. ನಿಲ್ಲದಿದ್ದರೆ ಮೊದಲು ಡೀಸೆಲ್ ಕಡಿದು ಇಂಜಿನ್ ನಿಲ್ಲಿಸುವ ಸ್ಟಾಪ್ ಸಾಲಿನಾಯ್ಡ್ ಸರಿಪಡಿಸಿ, ಆಮೇಲೆ ಮಿಕ್ಕಿದ್ದು.

ಹೊಲದಲ್ಲಿ ನಾನು ಪಾಲಿಸುವ ಕ್ರಮ ಹೀಗಿದೆ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಚಕ್ರಕ್ಕೆ ಮರದ ಗಟ್ಟಿ, ಆಮೇಲೆ ಗುಂಡಿ. ಕಬ್ಬಿನ ಒಣ ತರಗು, ಭತ್ತದ ಹುಲ್ಲು ಹರಡಿರುವ ಕಡೆ ಗಾಡಿ ನಿಲ್ಲಿಸುವುದಿಲ್ಲ. ನಿಂತಲ್ಲೇ ಓಡುವ ಇಂಜಿನ್ನಿನ ಸೈಲೆನ್ಸರ್ ಪೈಪು ಅದಕ್ಕೆ ಬೆಂಕಿ ಹೊತ್ತಿಸಲು ಸಾಕು. ಪಂಪ್‌ಹೌಸಿನ ಬಾಗಿಲಿಗೆ ಹೊಗೆ ಹೋಗದಂತೆ ಗಾಳಿಯ ದಿಕ್ಕು ನೋಡುತ್ತೇನೆ, ಏಕೆಂದರೆ ಒಳಗೆ ಕುಳಿತು ಕೆಲಸ ಮಾಡುವವರಿರುತ್ತಾರೆ. ಏಪ್ರಿಲ್ ಬಿಸಿಲಿನಲ್ಲಿ ಟೆಂಪರೇಚರ್ ಮುಳ್ಳಿನ ಮೇಲೆ ಒಂದು ಕಣ್ಣು. ಗಾಡಿ ನಿಂತಿರುವಾಗ ರೇಡಿಯೇಟರಿಗೆ ಫ್ಯಾನಿನ ಗಾಳಿಯೊಂದೇ ಆಸರೆ.

ನಿಮ್ಮದು ಕಾಮನ್ ರೈಲ್ ಇಂಜಿನ್ನಿನ ಪಿಕಪ್ ಆದರೆ ಈ ಕೇಬಲ್ಲಿಗೆ ಅಲ್ಲಿ ಜಾಗವೇ ಇಲ್ಲ. ಪಂಪಿನ ಮೇಲೆ ಎಳೆಯುವ ಲಿವರ್ ಇರುವುದಿಲ್ಲ. ಪೆಡಲಿನ ಎರಡು ಸೆನ್ಸರ್‌ಗಳು ಹೇಳಿದ್ದನ್ನು ಹೋಲಿಸಿ ನೋಡಿ ಕಂಪ್ಯೂಟರೇ ಡೀಸೆಲ್ ಬಿಡುತ್ತದೆ. ಆ ವೈರುಗಳ ನಡುವೆ ರೆಸಿಸ್ಟರ್ ಸೇರಿಸಿ ಮೋಸಗೊಳಿಸಲು ಹೊರಟರೆ ಲೆಕ್ಕ ತಾಳೆಯಾಗದೆ ಗಾಡಿ ರಸ್ತೆಯಲ್ಲೇ ಶಕ್ತಿ ಕಡಿತಗೊಳಿಸಿಕೊಳ್ಳಬಹುದು. 2020ರ ಏಪ್ರಿಲ್ ನಂತರದ ಬಿಎಸ್ 6 ಡೀಸೆಲ್ ಗಾಡಿಗಳಲ್ಲಿ ಹೊಗೆ ಶುದ್ಧಿಯ ಫಿಲ್ಟರ್ ಲೆಕ್ಕವೂ ಇದೆ. ಫೋರ್ಡ್ ಕಂಪನಿ ತನ್ನ ಸೂಪರ್ ಡ್ಯೂಟಿ ಪಿಕಪ್ಪುಗಳಲ್ಲಿ ಈ ಕೆಲಸಕ್ಕೆಂದೇ ಬೇರೆ ವೈರ್ ಕೊಟ್ಟು, ವೇಗ ಏರಿಸುವುದನ್ನು ಕಂಪ್ಯೂಟರಿಗೇ ಬಿಟ್ಟಿದೆ. ನಿಮ್ಮ ಗಾಡಿಯಲ್ಲೂ ಅಂಥ ಸೌಲಭ್ಯ ಇದೆಯೇ ಎಂದು ಸರ್ವಿಸ್ ಸೆಂಟರಿನಲ್ಲಿ ಕೇಳಿ. ಇಲ್ಲವೆಂದರೆ ಎರಡನೆಯ ಬ್ಯಾಟರಿ ಹಾಕಿಸಿ, ಓಡಾಟದಲ್ಲಿ ಅದು ಚಾರ್ಜ್ ಆಗುವಂತೆ ಮಾಡಿಕೊಳ್ಳಿ.